ಬಂದ ಕಾರಣ: 2011ರ ಗಣತಿಯಲ್ಲಿ ನಾನು ಕಂಡ ಕಲಬುರಗಿ

2011ರ ಫೆಬ್ರವರಿ 9ರ ಬೆಳಿಗ್ಗೆ ಕಲಬುರಗಿಯ ರಿಂಗ್ ರೋಡಿನ ಆಚೆಗಿರುವ ಒಂದು ಬಡಾವಣೆಯ ಮೊದಲ ಮನೆಯ ಕಟ್ಟೆಯ ಮೇಲೆ ಕುಳಿತು, ಮಡಿಕೆ ಬೀಳದಂತೆ ರಟ್ಟಿನ ನಡುವೆ ಇಟ್ಟುಕೊಂಡು ಹೋಗಿದ್ದ ಜನಗಣತಿಯ ಕುಟುಂಬ ಅನುಸೂಚಿಯನ್ನು ಹೊರತೆಗೆದೆ. ಆಗ ನಾನು ನಗರದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ಬೆಳಿಗ್ಗೆ ಮತ್ತು ಸಂಜೆ ಗಣತಿ, ನಡುವೆ ಶಾಲೆ ಎಂಬುದು ಆ ಇಪ್ಪತ್ತು ದಿನಗಳ ದಿನಚರಿಯಾಗಿತ್ತು. ಅನುಸೂಚಿಯಲ್ಲಿ 29 ಪ್ರಶ್ನೆಗಳಿದ್ದವು. ಹುಟ್ಟಿದ ಸ್ಥಳ, ಹಿಂದಿನ ವಾಸಸ್ಥಳ, ಅಲ್ಲಿಂದ ಬಂದ ಕಾರಣ, ಬಂದು ಎಷ್ಟು ವರ್ಷವಾಯಿತು ಎಂಬ ನಾಲ್ಕು ಪ್ರಶ್ನೆಗಳು ಮಾತ್ರ ವಲಸೆಗೆ ಸಂಬಂಧಿಸಿದವು. ಕಾರಣವನ್ನು ಬರೆಯಲು ಒಂದೇ ಚೌಕವಿತ್ತು, ಅದರೊಳಗೆ 1ರಿಂದ 7ರವರೆಗಿನ ಒಂದೇ ಅಂಕಿಯನ್ನು ಬರೆಯಬೇಕಿತ್ತು. ಕೆಲಸ ಅಥವಾ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ, ಜನನದ ನಂತರ ಸ್ಥಳಾಂತರ, ಕುಟುಂಬದೊಂದಿಗೆ ಸ್ಥಳಾಂತರ, ಇತರೆ. ಒಂದು ಊರು ಏಕೆ ದೊಡ್ಡದಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಸಿಗುವ ಉತ್ತರದ ಬಹುಪಾಲು ಆ ಒಂದು ಚೌಕದಿಂದ ಬರುತ್ತದೆ. ಅದನ್ನು ತುಂಬುವಾಗ ನಾನು ಕಂಡದ್ದನ್ನು ಮತ್ತು ತುಂಬಲಾಗದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಗಣತಿಯಲ್ಲಿ ಜನ ಕೊಟ್ಟ ವಿವರವನ್ನು ಬಹಿರಂಗಪಡಿಸಬಾರದೆಂದು 1948ರ ಜನಗಣತಿ ಕಾಯ್ದೆ ವಿಧಿಸುತ್ತದೆ. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಒತ್ತಿ ಹೇಳಿದ್ದೂ ಅದನ್ನೇ. ಆದ್ದರಿಂದ ಬಡಾವಣೆಯ ಹೆಸರನ್ನಾಗಲಿ, ಯಾರ ಗುರುತನ್ನಾಗಲಿ ಇಲ್ಲಿ ಕೊಡುವುದಿಲ್ಲ.

ಕೆಲಸ ನಿಜವಾಗಿ ಆರಂಭವಾದದ್ದು ಅದಕ್ಕೂ ಮೊದಲು, 2010ರ ಬೇಸಿಗೆಯಲ್ಲಿ, ಮನೆಪಟ್ಟಿ ಮಾಡುವಾಗ. ಗಣತಿ ಬ್ಲಾಕ್ ಎಂದರೆ ಒಬ್ಬ ಗಣತಿದಾರ ಎಣಿಸಬಹುದಾದಷ್ಟು, ಸುಮಾರು ಆರೇಳು ನೂರು ಜನ ವಾಸಿಸುವ ಪ್ರದೇಶ. ಅದರ ವಿನ್ಯಾಸ ನಕ್ಷೆಯನ್ನು ನಾವೇ ಕೈಯಿಂದ ಬರೆದು, ಪ್ರತಿ ಕಟ್ಟಡಕ್ಕೂ ಸಂಖ್ಯೆ ಕೊಟ್ಟು, ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಯಬೇಕು. ಕಲಬುರಗಿಯ ಬಿಸಿಲಲ್ಲಿ ಹನ್ನೊಂದು ಗಂಟೆಯ ಮೇಲೆ ಓಣಿಯಲ್ಲಿ ನಿಲ್ಲುವುದು ಕಷ್ಟ. ಜನ ಕರೆದು ತಂಬಿಗೆ ನೀರು ಕೊಟ್ಟು ಪಡಸಾಲೆಯಲ್ಲಿ ಕೂರಿಸುತ್ತಿದ್ದರು. ನನ್ನ ಬ್ಲಾಕಿನ ನಕ್ಷೆ ಬರೆಯುವುದು ಬಿಸಿಲಿಗಿಂತ ಹೆಚ್ಚು ತೊಡಕಾಗಿತ್ತು. ಒಂದು ಕಡೆ ಸಾಲು ಹಿಡಿದು ಕಟ್ಟಿದ ಆರ್‌ಸಿಸಿ ಮನೆಗಳು, ಅವುಗಳ ಹಿಂದೆ ಇನ್ನೂ ನೇಗಿಲ ಗೆರೆ ಅಳಿಯದ ಕಪ್ಪು ಹೊಲ, ಹೊಲದ ನಡುವೆ ನೆಟ್ಟ ಸೈಟಿನ ಕಲ್ಲುಗಳು, ಆ ಕಲ್ಲುಗಳ ಆಚೆ ಪರ್ಸಿಕಲ್ಲು ಹೊದಿಸಿದ ಹಳೆಯ ಮನೆಗಳು, ಅವುಗಳ ಮಧ್ಯೆ ಒಂದು ಹನುಮಂತ ದೇವರ ಗುಡಿ. ಹಳೆಯ ಮನೆಗಳಿದ್ದ ಜಾಗ ಹಿಂದೆ ಬೇರೆಯೇ ಹಳ್ಳಿಯಾಗಿತ್ತು. ಅಲ್ಲಿನ ಹಿರಿಯರೊಬ್ಬರಿಗೆ ನಾನು, “ಈ ಮನೆಯಲ್ಲಿ ಯಾವಾಗಿನಿಂದ ಇದ್ದೀರಿ ಯಜಮಾನರೇ?” ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ಇವತ್ತಿಗೂ ನೆನಪಿದೆ: “ನಾವ್ ಎಲ್ಲಿಂದೂ ಬಂದಿಲ್ರಿ ಮಾಸ್ತರ್. ಶಹರನ ನಮ್ಮ ಮನಿ ತನಕ ಬಂದದ.”

ಇದು ಮಾತಿನ ಚಮತ್ಕಾರವಲ್ಲ, ಜನಸಂಖ್ಯಾಶಾಸ್ತ್ರ ಹೇಳುವ ಸಂಗತಿಯೇ. ನಗರದ ಜನಸಂಖ್ಯೆ ಮೂರು ಬಗೆಯಲ್ಲಿ ಹೆಚ್ಚುತ್ತದೆ. ಊರಿನೊಳಗೆ ಸತ್ತವರಿಗಿಂತ ಹುಟ್ಟಿದವರು ಹೆಚ್ಚಾಗಿರುವುದು ಒಂದು. ಊರು ಬಿಟ್ಟವರಿಗಿಂತ ಬಂದವರು ಹೆಚ್ಚಾಗಿರುವುದು ಇನ್ನೊಂದು. ಯಾರೂ ಕದಲದೆ, ನಗರದ ಗಡಿ ಸರಿದು ಸುತ್ತಲಿನ ಹಳ್ಳಿಗಳನ್ನು ಒಳಗೆ ತೆಗೆದುಕೊಳ್ಳುವುದು ಅಥವಾ ಹಳ್ಳಿಯೇ ಬೆಳೆದು ಪಟ್ಟಣವೆಂದು ಗಣತಿಯಲ್ಲಿ ದಾಖಲಾಗುವುದು ಮೂರನೆಯದು. 5,000ಕ್ಕಿಂತ ಕಡಿಮೆಯಿಲ್ಲದ ಜನ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇಕಡಾ 75ರಷ್ಟು ಮಂದಿ ಬೇಸಾಯದ ಹೊರಗೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ, ಇಷ್ಟಿದ್ದರೆ ಪಂಚಾಯಿತಿಯ ಆಡಳಿತದಲ್ಲೇ ಇರುವ ಊರನ್ನೂ ಗಣತಿ ಪಟ್ಟಣವೆಂದು ಲೆಕ್ಕ ಹಾಕಲಾಗುತ್ತದೆ. ದೇಶದಲ್ಲಿ ಇಂಥ ಗಣತಿ ಪಟ್ಟಣಗಳು 2001ರಲ್ಲಿ 1,362 ಇದ್ದವು, 2011ರಲ್ಲಿ 3,894 ಆದವು. ಪತ್ರಿಕೆಗಳು ನಗರಗಳಿಗೆ ಜನ ಹರಿದು ಬರುತ್ತಿದ್ದಾರೆ ಎಂದು ಬರೆಯುವಾಗ ಆ ಹಿರಿಯರಂಥ ಲಕ್ಷಾಂತರ ಜನ ತಮ್ಮ ಕಟ್ಟೆಯ ಮೇಲೆ ಕುಳಿತಲ್ಲೇ ನಗರವಾಸಿಗಳಾಗಿದ್ದರು. ಅವರ ಹೊಲ ಹೋಯಿತು, ನೆರೆಮನೆ ಬದಲಾಯಿತು, ಮಕ್ಕಳು ಗೌಂಡಿ ಕೆಲಸಕ್ಕೋ ಆಟೋ ಓಡಿಸುವುದಕ್ಕೋ ಇಳಿದರು. ಆದರೆ ವಲಸೆಯ ಚೌಕದಲ್ಲಿ ಅವರ ಬಗ್ಗೆ ಬರೆಯುವುದೇನೂ ಇರಲಿಲ್ಲ.

ಫೆಬ್ರವರಿಯ ಸುತ್ತಿನಲ್ಲಿ ಅತಿ ಸೂಕ್ಷ್ಮವಾಗಿದ್ದ ಪ್ರಶ್ನೆಗಳು ಹೆರಿಗೆಗೆ ಸಂಬಂಧಿಸಿದವು. ಮದುವೆಯಾದ ಪ್ರತಿ ಹೆಣ್ಣುಮಗಳನ್ನೂ ಒಟ್ಟು ಎಷ್ಟು ಮಕ್ಕಳನ್ನು ಹೆತ್ತಿರಿ, ಈಗ ಎಷ್ಟು ಜನ ಬದುಕಿದ್ದಾರೆ ಎಂದು ಕೇಳಬೇಕಿತ್ತು. ಪಕ್ಕದ ಬ್ಲಾಕಿನ ಗಣತಿದಾರರಾಗಿದ್ದ ಒಬ್ಬ ಶಿಕ್ಷಕಿ ಆ ಪ್ರಶ್ನೆಗಳ ಮಟ್ಟಿಗೆ ಸಂಜೆಯ ಹೊತ್ತು ನನ್ನ ಜೊತೆ ಬರುತ್ತಿದ್ದರು. ಪ್ರತಿಯಾಗಿ ಅವರ ಬ್ಲಾಕಿನಲ್ಲಿ ಕತ್ತಲಾದ ಮೇಲೆ ಹೋಗಬೇಕಾದ ಮನೆಗಳಿಗೆ ನಾನು ಹೋಗುತ್ತಿದ್ದೆ. “ಅಕ್ಕೋರು ಬಂದಾರ” ಎಂದರೆ ಒಳಗಿನ ಹೆಂಗಸರು ನಡುಮನೆಗೆ ಬಂದು ಕೂಡುತ್ತಿದ್ದರು. ಒಂದೇ ಮನೆಯಲ್ಲಿ ಅತ್ತೆ ಎಂಟು ಹೆತ್ತು ಐದು ಉಳಿಸಿಕೊಂಡವರು, ಸೊಸೆ ಎರಡು ಹೆತ್ತು ಎರಡನ್ನೂ ಉಳಿಸಿಕೊಂಡವಳು. ಸತ್ತ ಮೂವರ ಲೆಕ್ಕ ಕೊಡುವಾಗ ಅತ್ತೆ ಒಬ್ಬೊಬ್ಬರ ಹೆಸರನ್ನೂ ಹೇಳುತ್ತಿದ್ದರು. ಅನುಸೂಚಿಗೆ ಹೆಸರು ಬೇಕಿರಲಿಲ್ಲ, ಆದರೂ ನಾವು ಅವರನ್ನು ನಡುವೆ ತಡೆಯಲಿಲ್ಲ.

ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ ಆ ಹೊತ್ತಿಗಾಗಲೇ ಎರಡರ ಆಸುಪಾಸಿಗೆ ಇಳಿದಿತ್ತು. ಎರಡಕ್ಕೆ ಇಳಿದರೆ ಊರು ಬೆಳೆಯುವುದು ನಿಲ್ಲಬೇಕಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದರು. ನಿಲ್ಲುವುದಿಲ್ಲ, ಮತ್ತು ಅದಕ್ಕೆ ಕಾರಣ ನಮ್ಮ ಕೈಯಲ್ಲಿದ್ದ ಅನುಸೂಚಿಯ ವಯಸ್ಸಿನ ಕಾಲಮಿನಲ್ಲೇ ಇತ್ತು. ಆ ಅತ್ತೆಯ ಐವರು ಮಕ್ಕಳೂ ಈಗ ಹೆರುವ ವಯಸ್ಸಿನ ಸಂಸಾರಸ್ಥರು. ಒಬ್ಬೊಬ್ಬರಿಗೆ ಎರಡೇ ಮಕ್ಕಳಾದರೂ ಮನೆಗೆ ಹತ್ತು ಮೊಮ್ಮಕ್ಕಳು ಸೇರುತ್ತಾರೆ, ಹಿರಿಯ ತಲೆಗಳು ಮೊದಲಿನಂತೆ ಐವತ್ತಕ್ಕೇ ಉರುಳುವುದಿಲ್ಲ. ಯುವಕರೇ ಹೆಚ್ಚಾಗಿರುವ ಜನಸಮುದಾಯ ಹೆರಿಗೆ ಕಡಿಮೆ ಮಾಡಿದ ಮೇಲೂ ಕೆಲವು ದಶಕಗಳ ಕಾಲ ಬೆಳೆಯುತ್ತಲೇ ಇರುತ್ತದೆ. ನಗರಕ್ಕೆ ಬರುವವರು ಕೂಡ ಬಹುಮಟ್ಟಿಗೆ ಹರೆಯದವರು ಅಥವಾ ಹೊಸದಾಗಿ ಮದುವೆಯಾದವರು. ಬಂದವರಿಗೆ ಇಲ್ಲಿ ಮಕ್ಕಳಾದರೆ ಆ ಮಕ್ಕಳು ಸ್ಥಳೀಯ ಜನನದ ಲೆಕ್ಕಕ್ಕೆ ಸೇರುತ್ತಾರೆ, ವಲಸೆಯ ಲೆಕ್ಕಕ್ಕಲ್ಲ. ಭಾರತದ ನಗರಗಳ ಬೆಳವಣಿಗೆಯಲ್ಲಿ ಬಹುದೊಡ್ಡ ಪಾಲು ವಲಸೆಯದಲ್ಲ, ಈ ಸಹಜ ಹೆಚ್ಚಳದ್ದು ಎಂಬುದನ್ನು ನಂತರ ಓದಿ ತಿಳಿದೆ. ಆದರೆ ಈ ಎರಡು ಲೆಕ್ಕಗಳನ್ನು ಅಷ್ಟು ಸಲೀಸಾಗಿ ಬೇರೆ ಮಾಡಲಾಗದು ಎಂಬುದನ್ನು ಆ ನಡುಮನೆಗಳಲ್ಲೇ ಕಂಡಿದ್ದೆ.

ಬೇರೆ ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ತವರಿನ ಬಾಣಂತನ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಕಲಬುರಗಿಯಲ್ಲೇ ಹುಟ್ಟಿ ಬೆಳೆದ ತಂದೆ, ಮದುವೆಯಾಗಿ ಹತ್ತು ವರ್ಷದಿಂದ ಇಲ್ಲೇ ಇರುವ ತಾಯಿ, ಆದರೆ ಮಗು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ತವರಿನಲ್ಲಿ. ಮೂರು ತಿಂಗಳ ಕೂಸಾಗಿ ತಾಯಿಯ ಮಡಿಲಲ್ಲಿ ತನ್ನ ಮನೆಗೆ ಬಂದ ಆ ಮಗುವಿನ ಸಾಲಿನಲ್ಲಿ ನಾನು ಹಿಂದಿನ ವಾಸಸ್ಥಳವೆಂದು ಆ ಹಳ್ಳಿಯ ಹೆಸರನ್ನು ಬರೆದು, ಕಾರಣದ ಚೌಕದಲ್ಲಿ 5 ಎಂದು ಬರೆದೆ. ಜನನದ ನಂತರ ಸ್ಥಳಾಂತರ. ನಿಯಮದ ಪ್ರಕಾರ ಅದು ಸರಿ. ಇಂಥ ಮಕ್ಕಳಿಗೆಂದೇ ಆ ಸಂಕೇತವನ್ನು ಬೇರೆಯಾಗಿ ಇಟ್ಟಿದ್ದರು. ಆದರೂ ವಲಸೆಗಾರರ ಒಟ್ಟು ಸಂಖ್ಯೆಯೊಳಗೆ ಆ ಕೂಸೂ ಒಂದು.

ಇನ್ನೊಂದು ತೊಡಕು ನಮ್ಮ ಭಾಗಕ್ಕೇ ವಿಶೇಷವಾಗಿತ್ತು. 2009ರ ಡಿಸೆಂಬರ್ 30ರಂದು, ಆಗ ಗುಲ್ಬರ್ಗಾ ಎನ್ನುತ್ತಿದ್ದ ನಮ್ಮ ಜಿಲ್ಲೆಯಿಂದ ಬೇರೆಯಾಗಿ, ಯಾದಗಿರಿ ಹೊಸ ಜಿಲ್ಲೆಯಾಗಿತ್ತು; ಶಹಾಪುರ ಅದರೊಳಗೆ ಸೇರಿತ್ತು. ಹುಟ್ಟಿದ ಊರನ್ನು ಬರೆಯುವಾಗ ಜಿಲ್ಲೆಯ ಈಗಿನ ಹೆಸರನ್ನೇ ಬರೆಯಬೇಕೆಂಬುದು ನಿಯಮ. ಶಹಾಪುರದಿಂದ ಇಪ್ಪತ್ತು ವರ್ಷದ ಹಿಂದೆ ಬಂದ ಕುಟುಂಬವೊಂದು ಬಂದಾಗ ಜಿಲ್ಲೆಯೊಳಗೇ ಊರು ಬದಲಿಸಿತ್ತು. ನನ್ನ ಪೆನ್ನು ಅವರನ್ನು ಬೇರೆ ಜಿಲ್ಲೆಯಿಂದ ಬಂದವರನ್ನಾಗಿ ಮಾಡಿತು. ಮನೆಯ ಯಜಮಾನರು ಒಪ್ಪಲೇ ಇಲ್ಲ. “ನಮ್ದು ಗುಲ್ಬರ್ಗಾ ಜಿಲ್ಲಾನೇ ಬರೀರಿ ಸರ್, ರೇಷನ್ ಕಾರ್ಡಿನ್ಯಾಗ ಹಂಗೇ ಅದ” ಎಂದು ಹಟ ಹಿಡಿದರು. ಅವರಿಗೆ ನಿಯಮವನ್ನು ತಿಳಿಸಿ ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಕಾರಣದ ಚೌಕಕ್ಕೆ ಬರುತ್ತೇನೆ. ತರಬೇತಿಯಲ್ಲಿ ಇದನ್ನು ಅತ್ಯಂತ ಸುಲಭವಾದ ಪ್ರಶ್ನೆಯೆಂದು ಒಂದೆರಡು ನಿಮಿಷದಲ್ಲಿ ಮುಗಿಸಿದ್ದರು. ಮೂರನೆಯ ದಿನ ಬೆಳಿಗ್ಗೆ ಎರಡು ಖೋಲಿಗಳ ಬಾಡಿಗೆ ಮನೆಯೊಂದರಲ್ಲಿ ನಾನು ಆ ಸುಲಭದ ಪ್ರಶ್ನೆಯನ್ನು ಕೇಳಿದೆ. ಮನೆಯಲ್ಲಿದ್ದವರು ಚಿಂಚೋಳಿ ತಾಲ್ಲೂಕಿನ ಕಡೆಯ ಒಬ್ಬ ತಾಯಿ, ಪಿಯುಸಿ ಓದುವ ಮಗ, ಒಂಬತ್ತನೆಯ ತರಗತಿಯ ಮಗಳು, ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುವ ತಂದೆ. ತಂದೆಯ ಉತ್ತರ “ಕೆಲಸಕ್ಕ ಬಂದೀನ್ರಿ” ಎಂದಾಗಿತ್ತು. ನಾನು 1 ಎಂದು ಬರೆಯುವುದರಲ್ಲಿದ್ದೆ. ಆಗ ಆ ತಾಯಿ, ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, “ಹಂಗಲ್ರಿ ಸರ್. ಮೊದಲ ಮಗ ಬಂದ ಕಾಲೇಜಿಗಿ. ಖಾನಾವಳಿ ಊಟಕ್ಕ ಅವನ ಹೊಟ್ಟಿ ಕೆಟ್ಟಿತು. ಅವಗ ರೊಟ್ಟಿ ಮಾಡ್ಲಾಕ ನಾ ಬಂದೆ. ನನ್ ಹಿಂದ ಮಗಳು ಬಂದಳು. ಊರಾಗ ಒಬ್ಬರೇ ಏನ್ ಮಾಡ್ತಾರ, ಕಡಿಗಿ ಇವರು ಬಂದರು” ಎಂದರು. ಹೊಲ ಏನಾಯಿತು ಎಂದು ಕೇಳಿದೆ. ಅನುಸೂಚಿಯಲ್ಲಿ ಆ ಪ್ರಶ್ನೆ ಇರಲಿಲ್ಲ. ನಾಲ್ಕು ಎಕರೆ ಇದೆ, ಎರಡು ವರ್ಷ ಸತತ ತೊಗರಿ ಕೈಕೊಟ್ಟಿತು, ಬೋರು ಹಾಕಿಸಿದ ಸಾಲ ಮೈಮೇಲೆ ಬಂತು, ಪಾಲಿಗೆ ಕೊಟ್ಟು ಬಂದೆವು ಎಂದು ತಂದೆ ಹೇಳಿದರು.

ಈ ಕುಟುಂಬ ಕಲಬುರಗಿಗೆ ಬಂದ ಕಾರಣ ಯಾವುದು? ಮಗನದು ಶಿಕ್ಷಣ, ಸಂಖ್ಯೆ 3. ತಾಯಿಯದು ಕುಟುಂಬದೊಂದಿಗೆ ಸ್ಥಳಾಂತರ, ಸಂಖ್ಯೆ 6, ಆದರೆ ವಾಸ್ತವದಲ್ಲಿ ಕುಟುಂಬವೇ ಅವರ ಹಿಂದೆ ಬಂದದ್ದು. ತಂದೆಯದು ಉದ್ಯೋಗ, ಸಂಖ್ಯೆ 1, ಆದರೆ ಅವರು ಹಮಾಲಿಯನ್ನು ಹುಡುಕಿಕೊಂಡು ಬಂದವರಲ್ಲ, ಬಂದ ಮೇಲೆ ಹಮಾಲಿ ಸಿಕ್ಕಿತು. ಮಳೆ, ಬೋರು, ಸಾಲ, ಇವುಗಳಿಗೆ ಯಾವ ಸಂಖ್ಯೆಯೂ ಇಲ್ಲ. ನಗರ ಎಳೆದುಕೊಳ್ಳುತ್ತದೆ, ಹಳ್ಳಿ ತಳ್ಳುತ್ತದೆ ಎಂದು ಪಾಠಗಳಲ್ಲಿ ಎರಡು ಬಲಗಳನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಆ ಮನೆಯಲ್ಲಿ ತಳ್ಳಿದ್ದು ಮಳೆ ಬಾರದ ಹೊಲ, ಎಳೆದದ್ದು ಕಾಲೇಜು, ಮತ್ತು ಇವೆರಡರ ನಡುವೆ ಹೆಜ್ಜೆ ಇಡುವುದು ಯಾವಾಗ ಎಂದು ತೀರ್ಮಾನಿಸಿದ್ದು ಖಾನಾವಳಿ ಊಟ ಒಗ್ಗದ ಒಬ್ಬ ಹುಡುಗನ ಹೊಟ್ಟೆ.

ಇಂಥ ಮನೆಗಳು ಎಷ್ಟೋ ಇದ್ದವು. ಬಂದವರ ಹಿಂದಿನ ವಾಸಸ್ಥಳವನ್ನು ಬರೆಯುತ್ತ ಹೋದಂತೆ ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರ, ಹುಮನಾಬಾದ್, ಶಹಾಪುರ ಎಂಬ ಹೆಸರುಗಳೇ ಮರುಕಳಿಸುತ್ತಿದ್ದವು. ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಸೆಂಟ್ರಿಂಗ್ ಮತ್ತು ಟೈಲ್ಸ್ ಕೆಲಸದವರಲ್ಲಿ ರಾಜಸ್ಥಾನ, ಬಿಹಾರಗಳಿಂದ ಬಂದವರಿದ್ದರು, ಆದರೆ ಕೆಲವರು ಮಾತ್ರ. ಕಲಬುರಗಿಯನ್ನು ದೊಡ್ಡದು ಮಾಡಿದವರು ದೂರದಿಂದ ಬಂದ ಅಪರಿಚಿತರಲ್ಲ, ಅದರ ಸಂತೆಗೆ, ಕೋರ್ಟಿಗೆ, ಶರಣಬಸವೇಶ್ವರರ ಜಾತ್ರೆಗೆ, ಬಂದೇನವಾಜರ ಉರುಸಿಗೆ ಹೇಗೂ ಬಂದು ಹೋಗುತ್ತಿದ್ದ ಸುತ್ತಲಿನ ಜನರೇ. ಒಂದು ಸಲ ಬಂದವರು ಹಿಂದಿರುಗಲಿಲ್ಲ, ಅಷ್ಟೇ.

ಎಪ್ಪತ್ತು ದಾಟಿದ ಒಬ್ಬ ಅಜ್ಜ ಎಂ.ಎಸ್.ಕೆ. ಮಿಲ್ಲಿನಲ್ಲಿ ನೂಲಿನ ವಿಭಾಗದಲ್ಲಿ ದುಡಿದವರು. ನಿಜಾಮರ ಕಾಲದ ಮೆಹಬೂಬ್ ಶಾಹಿ ಗಿರಣಿ ಈ ಊರಿಗೆ ಮೊದಲ ದೊಡ್ಡ ಕಾರ್ಮಿಕ ಸಮುದಾಯವನ್ನು ತಂದುಕೊಟ್ಟಿತ್ತು. ಅಜ್ಜನ ಸಾಲಿನಲ್ಲಿ 1 ಎಂದು ಬರೆಯಲು ಸ್ವಲ್ಪವೂ ಅನುಮಾನವಿರಲಿಲ್ಲ. ಗಿರಣಿ ಮುಚ್ಚಿತು, ಅವರು ಊರಿಗೆ ಮರಳಲಿಲ್ಲ. ತಂದ ಕಾರಣ ಇಲ್ಲವಾದ ಮೇಲೂ ಉಳಿಸಿದ ಕಾರಣ ಯಾವುದೆಂದು ಗಣತಿ ಕೇಳುವುದಿಲ್ಲ. ನಾನು ಕೇಳಿದೆ. ಮಗ ಇಲ್ಲೇ ಮೆಕ್ಯಾನಿಕ್ ಆಗಿದ್ದಾನೆ, ಮೊಮ್ಮಕ್ಕಳ ಶಾಲೆ ಇಲ್ಲಿದೆ, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು, ಊರಲ್ಲಿ ಯಾರಿದ್ದಾರೆ ಎಂದರು. ಅವರ ಪಕ್ಕದ ಮನೆಯ ಅಜ್ಜಿ 1972ರ ಬರದಲ್ಲಿ ಬಂದವರು. ಆ ಬರದ ಮಾತನ್ನು ನನ್ನ ಅವ್ವನ ಬಾಯಲ್ಲೂ ಕೇಳುತ್ತ ಬೆಳೆದವನು ನಾನು. ಅಜ್ಜಿ ಬಂದ ಆ ದಶಕದಲ್ಲೇ, 1971ರಿಂದ 1981ರ ನಡುವೆ, ಈ ನಗರದ ಜನಸಂಖ್ಯೆ ಸುಮಾರು 1.45 ಲಕ್ಷದಿಂದ 2.21 ಲಕ್ಷಕ್ಕೆ, ಅಂದರೆ ಶೇಕಡಾ ಐವತ್ತಕ್ಕೂ ಮೀರಿ ಏರಿತ್ತು. ಅದಷ್ಟನ್ನೂ ಬರದ ಲೆಕ್ಕಕ್ಕೇ ಹಾಕುವುದು ಸರಿಯಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿದ ಮೇಲೆ ಇದು ಕಂದಾಯ ವಿಭಾಗದ ಕೇಂದ್ರವಾಯಿತು. 1958ರಲ್ಲಿ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು, 1980ರಲ್ಲಿ ವಿಶ್ವವಿದ್ಯಾಲಯ ಬಂದವು. ಒಂದು ಕಚೇರಿ ಬಂದರೆ ಗುಮಾಸ್ತರಷ್ಟೇ ಬರುವುದಿಲ್ಲ. ಚಹಾದಂಗಡಿ, ಜೆರಾಕ್ಸ್ ಅಂಗಡಿ, ಬಾಡಿಗೆ ಖೋಲಿ, ಖೋಲಿ ಕಟ್ಟುವ ಗೌಂಡಿ ಎಲ್ಲರೂ ಬರುತ್ತಾರೆ. 2008ರಲ್ಲಿ ಹೈಕೋರ್ಟಿನ ಪೀಠ ಬಂದ ಮೇಲೆ ನನ್ನ ಬ್ಲಾಕಿನಲ್ಲೇ ಇಬ್ಬರು ವಕೀಲರು ಹೊಸದಾಗಿ ಮನೆ ಮಾಡಿದ್ದರು.

ಬೀಗ ಹಾಕಿದ ಮನೆಗಳ ಬಗ್ಗೆಯೂ ಹೇಳಬೇಕು. ಹಳೆಯ ಹಳ್ಳಿಯ ಭಾಗದಲ್ಲಿ ಏಳೆಂಟು ಮನೆಗಳಿಗೆ ಮೂರು ಸಲ ಹೋದರೂ ಬೀಗವೇ ಇತ್ತು. ತೊಗರಿ ರಾಶಿ ಮುಗಿದು ಗುಳೆ ಹೊರಡುವ ಕಾಲವದು. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಕಟ್ಟಡದ ಕೆಲಸಕ್ಕೆ ಹೋದವರು ಯುಗಾದಿಗೋ ಮುಂಗಾರಿಗೋ ಮರಳುವವರು. ಗಣತಿಯ ಅವಧಿಯಷ್ಟೂ, ಅಂದರೆ 9ರಿಂದ 28ರವರೆಗೆ, ಊರಲ್ಲಿ ಇಲ್ಲದವರನ್ನು ಅವರು ಇದ್ದಲ್ಲೇ ಎಣಿಸಬೇಕೆಂಬುದು ನಿಯಮ. ಹಾಗಾಗಿ ಈ ಓಣಿಯ ಜನ ಮುಂಬೈಯ ಯಾವುದೋ ಕಟ್ಟಡದ ನೆರಳಲ್ಲಿ, ಅಲ್ಲಿನ ಒಬ್ಬ ಶಿಕ್ಷಕರ ಅನುಸೂಚಿಯಲ್ಲಿ ಸೇರಿದರು. ಅಥವಾ ಸೇರದೆಯೂ ಹೋಗಿರಬಹುದು ಎಂಬ ಚಿಂತೆ ನನ್ನನ್ನು ಆಗಲೂ ಕಾಡಿತ್ತು, ಈಗಲೂ ಕಾಡುತ್ತದೆ. ಕಲಬುರಗಿ ತನ್ನ ತಾಲ್ಲೂಕುಗಳಿಂದ ಜನರನ್ನು ತೆಗೆದುಕೊಳ್ಳುವ ಊರು. ಅದೇ ಹೊತ್ತಿಗೆ ತನ್ನವರನ್ನು ಇನ್ನೂ ದೊಡ್ಡ ಊರುಗಳಿಗೆ ಕಳಿಸುವ ಊರು. ಬಂದವರನ್ನು ಕಂಡು ಮಾತಾಡಿದಷ್ಟು ಸುಲಭವಾಗಿ ಹೋದವರ ಬಗ್ಗೆ ತಿಳಿಯುವುದಿಲ್ಲ, ಏಕೆಂದರೆ ಬೀಗಕ್ಕೆ ಪ್ರಶ್ನೆ ಕೇಳಲಾಗದು.

ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರ ಎಣಿಕೆ. ನಮ್ಮ ತಂಡಕ್ಕೆ ರೈಲು ನಿಲ್ದಾಣದ ಸುತ್ತಲಿನ ಭಾಗ ಬಂದಿತ್ತು. ಹೊದ್ದು ಮಲಗಿದವರನ್ನು ಎಬ್ಬಿಸಿ ಹೆಸರು ಕೇಳುವುದಕ್ಕೆ ಮನಸ್ಸು ಬರುತ್ತಿರಲಿಲ್ಲ. ಕೈಗಾಡಿಯ ಮೇಲೆ ಮಲಗಿದ್ದ ಒಬ್ಬರು ಎದ್ದು ಕುಳಿತು, ಹಗಲೆಲ್ಲ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತೇನೆ, ಬಾಡಿಗೆ ಉಳಿಸಿದರೆ ತಿಂಗಳಿಗೆ ಅಷ್ಟು ಹೆಚ್ಚು ಮನೆಗೆ ಕಳಿಸಬಹುದು ಎಂದರು. ಅವರ ಹೆಂಡತಿ ಮಕ್ಕಳು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿದ್ದರು. ಕುಟುಂಬ ಅಲ್ಲಿ ಹಳ್ಳಿಯ ಲೆಕ್ಕಕ್ಕೆ, ಇವರು ಇಲ್ಲಿ ನಗರದ ಲೆಕ್ಕಕ್ಕೆ. ಗಂಟೆ ಹನ್ನೆರಡು ಹೊಡೆದು ಮಾರ್ಚ್ 1 ಆರಂಭವಾಯಿತು; ಆ ಕ್ಷಣಕ್ಕೆ ಬದುಕಿದ್ದವರೇ ದೇಶದ ಜನಸಂಖ್ಯೆ. ಮಾರ್ಚ್ 1ರಿಂದ 5ರವರೆಗೆ ಮತ್ತೆ ಮನೆಮನೆಗೆ ಹೋಗಿ, ನಾವು ಬಂದು ಹೋದ ಮೇಲೆ ಆ ಕ್ಷಣದವರೆಗೆ ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಕಳೆದೆವು. ನನ್ನ ಬ್ಲಾಕಿನಲ್ಲಿ ಫೆಬ್ರವರಿ 27ರಂದು ಹುಟ್ಟಿದ ಒಂದು ಹೆಣ್ಣುಕೂಸು ಸೇರಿತು. ಮಾರ್ಚ್ 2ರಂದು ಹುಟ್ಟಿದ್ದ ಗಂಡುಕೂಸನ್ನು ಬರೆದುಕೊಳ್ಳಲು ಅದರ ಅಜ್ಜಿ ಎಷ್ಟು ಕೇಳಿಕೊಂಡರೂ ನಾನು ಬರೆಯುವಂತಿರಲಿಲ್ಲ.

ಈ ನಡುವೆ ನನ್ನ ಮನೆಗೂ ಗಣತಿದಾರರು ಬಂದು ಹೋಗಿದ್ದರು. ನಾನು ಮನೆಯಲ್ಲಿರಲಿಲ್ಲ, ನನ್ನ ಹೆಂಡತಿ ಉತ್ತರ ಕೊಟ್ಟಿದ್ದಳು. ಆಳಂದ ತಾಲ್ಲೂಕಿನವರಾದ ನಾವು ಕಲಬುರಗಿಗೆ ಬಂದದ್ದು 2003ರಲ್ಲಿ, ಮಗಳು ಐದನೆಯ ತರಗತಿಗೆ ಬಂದಾಗ, ಅವಳ ಓದಿಗಾಗಿ. ಆಗ ನನ್ನ ನೌಕರಿ ಹಳ್ಳಿಯ ಶಾಲೆಯಲ್ಲೇ ಇತ್ತು. ಮೂರು ವರ್ಷ ದಿನವೂ ಬೆಳಗಿನ ಬಸ್ಸಿಗೆ ಹಳ್ಳಿಗೆ ಹೋಗಿ ಸಂಜೆ ಮರಳುತ್ತಿದ್ದೆ, ನಗರಕ್ಕೆ ವರ್ಗವಾದದ್ದು ಆಮೇಲೆ. ಹೆಂಡತಿ ಇದನ್ನೆಲ್ಲ ಹೇಳಿದ್ದಳಂತೆ. ಆದರೆ ಮನೆಯ ಯಜಮಾನ ಸರ್ಕಾರಿ ನೌಕರನೆಂದು ತಿಳಿದ ಆ ಗಣತಿದಾರರು ನನ್ನ ಸಾಲಿನಲ್ಲಿ ಉದ್ಯೋಗವೆಂದೂ, ಉಳಿದ ನಾಲ್ವರ ಸಾಲಿನಲ್ಲಿ ಕುಟುಂಬದೊಂದಿಗೆ ಸ್ಥಳಾಂತರವೆಂದೂ ಬರೆದುಕೊಂಡಿದ್ದರು. ನಮ್ಮನ್ನು ಊರು ಬಿಡಿಸಿದ ಮಗಳ ಶಾಲೆ ಐದು ಸಾಲುಗಳಲ್ಲಿ ಒಂದರಲ್ಲೂ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವಸರದ ಸಂಜೆಗಳಲ್ಲಿ ನಾನೂ ಎಷ್ಟು ಮನೆಗಳಲ್ಲಿ ಹೀಗೆಯೇ ಗಂಡಸಿನ ಸಂಬಳವನ್ನು ಕಾರಣವೆಂದು ಬರೆದು, ಹೆಂಗಸಿನ ತೀರ್ಮಾನವನ್ನು 6ರೊಳಗೆ ಮುಚ್ಚಿದ್ದೇನೆಂಬುದು ನನಗೆ ಗೊತ್ತು. ಆ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಾತಾಡದೆ ಇದ್ದಿದ್ದರೆ ಅವರ ಮನೆಯೂ ಅದರಲ್ಲಿ ಒಂದಾಗುತ್ತಿತ್ತು.

ಅದೇ ಮಾರ್ಚ್ 31ರಂದು ತಾತ್ಕಾಲಿಕ ಅಂಕಿಗಳು ಬಂದವು. ದೇಶದ ಜನಸಂಖ್ಯೆ 121 ಕೋಟಿ. ಆಮೇಲಿನ ತಿಂಗಳುಗಳಲ್ಲಿ ಗ್ರಾಮ ಮತ್ತು ನಗರಗಳ ಲೆಕ್ಕ ಬಂದಾಗ, ಹತ್ತು ವರ್ಷದಲ್ಲಿ ಹಳ್ಳಿಗಳಲ್ಲಿ ಹೆಚ್ಚಿದ ಜನರಿಗಿಂತ ನಗರಗಳಲ್ಲಿ ಹೆಚ್ಚಿದ ಜನರ ಸಂಖ್ಯೆಯೇ ದೊಡ್ಡದು, ಸ್ವಾತಂತ್ರ್ಯ ಬಂದ ಮೇಲೆ ಇದೇ ಮೊದಲು ಎಂದು ಓದಿದೆ. ಕರ್ನಾಟಕದಲ್ಲಿ ನಗರವಾಸಿಗಳು ಶೇಕಡಾ 33.99ರಿಂದ 38.67ಕ್ಕೆ ಏರಿದ್ದರು. ನಮ್ಮ ನಗರ ಸುಮಾರು 4.22 ಲಕ್ಷದಿಂದ 5.33 ಲಕ್ಷಕ್ಕೆ ಬೆಳೆದಿತ್ತು. ಜನರ ಸಂಖ್ಯೆ ಒಂದು ಲಕ್ಷಕ್ಕೂ ಮೀರಿ ಹೆಚ್ಚಿದರೂ ಬೆಳವಣಿಗೆಯ ವೇಗ ಎಪ್ಪತ್ತರ ದಶಕದ ಅರ್ಧಕ್ಕೆ, ಶೇಕಡಾ 26ರ ಆಸುಪಾಸಿಗೆ ಇಳಿದಿತ್ತು. ಗಣತಿಗೆ ಹೋಗುವ ಮೊದಲಾಗಿದ್ದರೆ ನಾನು ಇದನ್ನು ನಂಬುತ್ತಿರಲಿಲ್ಲ. ರಸ್ತೆಯಲ್ಲಿ ಕಾಣುವ ದಟ್ಟಣೆಯನ್ನು ನೋಡಿ ಬೆಳವಣಿಗೆಯೂ ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ ಎಂದೇ ತಿಳಿದಿದ್ದೆ.

ಆದರೆ ನಾನು ಕಾಯುತ್ತಿದ್ದುದು ವಲಸೆಯ ಕೋಷ್ಟಕಗಳಿಗೆ. ಅವು ಪೂರ್ಣವಾಗಿ ಬಂದದ್ದು 2019ರಲ್ಲಿ. ಎಂಟು ವರ್ಷ! ಅಷ್ಟರಲ್ಲಿ ಊರಿನ ಹೆಸರು ಅಧಿಕೃತವಾಗಿ ಕಲಬುರಗಿಯಾಗಿತ್ತು, ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಮೀಸಲಾತಿ ಜಾರಿಗೆ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಂದ ಖೋಲಿಗಳು ತುಂಬಿದ್ದವು, ವಿಮಾನ ನಿಲ್ದಾಣವೂ ಅದೇ ವರ್ಷ ಆರಂಭವಾಯಿತು. ದೇಶದಲ್ಲಿ ಸುಮಾರು 45 ಕೋಟಿ ಜನ ಹುಟ್ಟಿದ ಅಥವಾ ಹಿಂದೆ ವಾಸವಿದ್ದ ಊರಿನಿಂದ ಬೇರೆಡೆ ಇದ್ದಾರೆಂದೂ, ಅವರಲ್ಲಿ ಹೆಚ್ಚಿನವರು ತಮ್ಮ ಜಿಲ್ಲೆಯೊಳಗೇ ಸ್ಥಳಾಂತರವಾದವರೆಂದೂ, ಕಾರಣಗಳಲ್ಲಿ ಮದುವೆಯೇ ಎಲ್ಲಕ್ಕಿಂತ ದೊಡ್ಡದೆಂದೂ ಕೋಷ್ಟಕಗಳು ಹೇಳಿದವು. ನನ್ನ ಬ್ಲಾಕಿನಲ್ಲಿ ನಾನು ಕಂಡದ್ದೂ ಇದೇ. ಶಿಕ್ಷಣಕ್ಕಾಗಿ ಬಂದವರೆಂದು ತೋರಿಸುವ ಕಾಲಮ್ ಮಾತ್ರ ತೀರ ಚಿಕ್ಕದಾಗಿತ್ತು. ಆ ಕಾಲಮಿನಲ್ಲಿ ಇಲ್ಲದವರು ಯಾವ ಕಾಲಮಿನಲ್ಲಿ ಸೇರಿಹೋಗಿದ್ದಾರೆಂಬುದನ್ನು ನಾನು ಬಲ್ಲೆ.

2021ರ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1ರ ಮೊದಲ ಕ್ಷಣವನ್ನು ಗೊತ್ತು ಮಾಡಿದ್ದಾರೆ. ಈ ಸಲ ರಟ್ಟಿನ ನಡುವಿನ ಅನುಸೂಚಿಯಲ್ಲ, ಮೊಬೈಲ್. ನಾನು ನಿವೃತ್ತನಾಗಿದ್ದೇನೆ. ನನ್ನ ಹಳೆಯ ಶಾಲೆಯ ಕಿರಿಯ ಶಿಕ್ಷಕರೊಬ್ಬರು ಹಿಂದಿನ ಅನುಭವ ಕೇಳಲು ಬಂದಿದ್ದರು. ಸಂಕೇತವನ್ನು ಒತ್ತುವ ಮೊದಲು, ಮನೆಯಲ್ಲಿ ಯಾರು ಮೊದಲು ಬಂದರು ಎಂದು ಕೇಳಿ, ಮತ್ತು ಆ ಪ್ರಶ್ನೆಯನ್ನು ಅಡುಗೆಮನೆಯಲ್ಲಿರುವವರಿಗೆ ಕೇಳಿ ಎಂದು ಅವರಿಗೆ ಹೇಳಿದೆ.

2011ರಲ್ಲಿ ನಮ್ಮ ಮನೆಯಲ್ಲಿ ಐದು ಸಾಲುಗಳಿದ್ದವು. ಅವ್ವ ತೀರಿಹೋದಳು, ಮಗ ಹೈದರಾಬಾದಿನಲ್ಲಿದ್ದಾನೆ, ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಈ ಸಲ ನಾವಿಬ್ಬರೇ. ಮಗಳ ಬಾಣಂತನವನ್ನು ನನ್ನ ಹೆಂಡತಿ ಇಲ್ಲಿಯೇ ಮಾಡಿದಳು, ಹಾಗಾಗಿ ಮೊಮ್ಮಗಳು ಹುಟ್ಟಿದ್ದು ಕಲಬುರಗಿಯ ಆಸ್ಪತ್ರೆಯಲ್ಲಿ. ಹಳೆಯ ಸಂಕೇತಗಳೇ ಉಳಿದಿದ್ದರೆ ಬೆಂಗಳೂರಿನ ಯಾರೋ ಒಬ್ಬ ಗಣತಿದಾರರು ಆ ಮಗುವಿನ ಹಿಂದಿನ ವಾಸಸ್ಥಳವನ್ನು ಕಲಬುರಗಿ ಎಂದು ದಾಖಲಿಸಿ, ಕಾರಣಕ್ಕೆ 5 ಎಂದು ಒತ್ತುತ್ತಾರೆ.